ಅಲಗಿಗೊಂದು ಲೆಕ್ಕ, ಚಂದಾಕ್ಕೊಂದು ಲೆಕ್ಕ

ಚಂದಾ ರೇಜರ್ ಎಂದರೆ ಹಿಡಿಯನ್ನು ಒಮ್ಮೆ ಕೊಂಡು, ಅದಕ್ಕೆ ಕೂರುವ ಬ್ಲೇಡಿನ ಕಾರ್ಟ್ರಿಜ್‌ಗಳನ್ನು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಮನೆಗೆ ತರಿಸಿಕೊಳ್ಳುವ ಏರ್ಪಾಡು. ಪೊಟ್ಟಣ ಹೊರಡುವ ಹೊತ್ತಿಗೆ ಗ್ರಾಹಕನ ಕಾರ್ಡಿನಿಂದ ಹಣ ತಾನಾಗಿ ಕಟ್ ಆಗುತ್ತದೆ. ಅಮೆರಿಕದಲ್ಲಿ 2012ರಿಂದೀಚೆಗೆ ಇದು ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಇದಕ್ಕೆ ಪ್ರತಿಯಾಗಿ ನಿಲ್ಲುವುದು ಐದೋ ಹತ್ತೋ ಒಂದೇ ಚೀಲದಲ್ಲಿ ಸಿಗುವ ಅಗ್ಗದ ಯೂಸ್ ಅಂಡ್ ಥ್ರೋ ರೇಜರ್. ಎರಡರಲ್ಲಿ ಯಾವುದು ಲಾಭ ಎಂದು ಕೇಳುವವರು ಎರಡು ಪ್ರಶ್ನೆಗಳನ್ನು ಒಂದಾಗಿ ಬೆರೆಸಿಬಿಡುತ್ತಾರೆ. ಅಲಗು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ಉಕ್ಕಿಗೆ, ಅದರ ಜೋಡಣೆಗೆ ಸಂಬಂಧಿಸಿದ್ದು. ಅದನ್ನು ಕಂತಿನಲ್ಲಿ ತರಿಸಬೇಕೋ ಬೇಕಾದಾಗ ಕೊಳ್ಳಬೇಕೋ ಎಂಬುದು ಹಣ ಪಾವತಿಗೆ ಸಂಬಂಧಿಸಿದ್ದು. ಚಂದಾ ಕಟ್ಟಿದವನಿಗೆ ಮುಖ ನುಣುಪಾಯಿತೆಂದರೆ ಆ ಕೀರ್ತಿ ಕಾರ್ಟ್ರಿಜ್‌ಗೆ ಸೇರಬೇಕು, ಚಂದಾಕ್ಕಲ್ಲ.

ಈ ಗೊಂದಲಕ್ಕೆ ನೂರು ವರ್ಷ ದಾಟಿದ ಇತಿಹಾಸವಿದೆ. ಬಾಟಲಿ ಮುಚ್ಚಳ ಮಾಡುವ ಕಂಪನಿಯೊಂದರಲ್ಲಿ ಮಾರಾಟಗಾರನಾಗಿದ್ದ ಕಿಂಗ್ ಕ್ಯಾಂಪ್ ಜಿಲೆಟ್ 1901ರಲ್ಲಿ ಬಾಸ್ಟನ್ನಿನಲ್ಲಿ ರೇಜರ್ ಕಂಪನಿ ಕಟ್ಟಿದ. ತೆಳು ಉಕ್ಕಿನ ಪಟ್ಟಿಯನ್ನು ಹದಗೊಳಿಸಿ ಅಲಗು ಮಾಡುವ ಕಷ್ಟದ ಕೆಲಸ ಸಾಧಿಸಿದವನು ಎಂಜಿನಿಯರ್ ವಿಲಿಯಂ ನಿಕರ್‌ಸನ್. ಮಾರಾಟ ಶುರುವಾದ 1903ರಲ್ಲಿ ಖರ್ಚಾದದ್ದು 51 ರೇಜರ್, 168 ಬ್ಲೇಡು. ಮರುವರ್ಷ ಪೇಟೆಂಟ್ ದೊರೆಯಿತು, ವ್ಯಾಪಾರ ಕುದುರಿತು. ಹಿಡಿಯನ್ನು ಬಿಟ್ಟಿಯಾಗಿ ಕೊಟ್ಟು ಬ್ಲೇಡಿನಲ್ಲಿ ದುಡ್ಡು ಮಾಡಿದವನು ಜಿಲೆಟ್ ಎಂದು ವಾಣಿಜ್ಯ ಪಾಠಗಳಲ್ಲಿ ಹೇಳುವುದುಂಟು. ವಾಸ್ತವ ಅದಕ್ಕೆ ತಿರುಗಾಮುರುಗಾ. ಪೇಟೆಂಟ್ ಇದ್ದಷ್ಟು ಕಾಲ ಆತ ರೇಜರನ್ನು ಐದು ಡಾಲರಿಗೆ ಮಾರಿದ, ಅದು ಆ ಕಾಲಕ್ಕೆ ಸಣ್ಣ ಮೊತ್ತವಲ್ಲ. ಹಿಡಿಯ ಬೆಲೆ ಇಳಿದದ್ದು 1921ರಲ್ಲಿ, ಪೇಟೆಂಟ್ ಮುಗಿಯುವ ಹೊತ್ತಿಗೆ.

ಬ್ಲೇಡಿನಲ್ಲಿ ಗಿರಾಕಿಯನ್ನು ಕಟ್ಟಿಹಾಕುವ ತಂತ್ರ ಗಟ್ಟಿಯಾದದ್ದು ಕಾರ್ಟ್ರಿಜ್ ಬಂದ ಮೇಲೆ. ಎರಡು ಬದಿಯೂ ಅಲಗಿರುವ ಹಳೆಯ ಬ್ಲೇಡು ಯಾರ ರೇಜರಿಗಾದರೂ ಕೂರುತ್ತದೆ. ಜಿಲೆಟ್ 1971ರಲ್ಲಿ ತಂದ ಜೋಡಿ ಬ್ಲೇಡಿನ ಟ್ರ್ಯಾಕ್ 2 ಕಾರ್ಟ್ರಿಜ್‌ನಿಂದ ಮುಂದಕ್ಕೆ ಒಂದು ಕಂಪನಿಯ ತಲೆಯನ್ನು ಇನ್ನೊಂದರ ಹಿಡಿಗೆ ಸಿಕ್ಕಿಸಲಾಗದಂಥ ಕೊಂಡಿಗಳು ವಾಡಿಕೆಯಾದವು. ಹೀಗೆ ಹಿಡಿ ಕೊಂಡವನು ಅದೇ ಕಂಪನಿಯ ಕಾರ್ಟ್ರಿಜ್ ಕೊಳ್ಳಲೇಬೇಕಾಯಿತು. ಇದನ್ನು ಒಡೆದದ್ದು ಫ್ರಾನ್ಸಿನ ಬಿಕ್ ಕಂಪನಿ. ಬಾಲ್‌ಪೆನ್ನು, ಸಿಗರೇಟ್ ಲೈಟರುಗಳನ್ನು ಅಗ್ಗದ ಬಿಸಾಡುವ ಸರಕಾಗಿಸಿದ್ದ ಬಿಕ್ 1970ರ ದಶಕದ ನಡುವಿನಲ್ಲಿ ಹಿಡಿ, ತಲೆ ಎಲ್ಲವೂ ಒಂದೇ ಆದ ಪ್ಲಾಸ್ಟಿಕ್ ರೇಜರನ್ನು ಮಾರುಕಟ್ಟೆಗಿಟ್ಟಿತು. ಜಿಲೆಟ್ ಕೂಡ ಆ ಸ್ಪರ್ಧೆಗಿಳಿಯಿತು. ಆದರೆ ಅಗ್ಗದ ಸರಕು ತನ್ನದೇ ದುಬಾರಿ ಕಾರ್ಟ್ರಿಜ್‌ನ ವ್ಯಾಪಾರ ತಿನ್ನುವುದನ್ನು ಕಂಡು ಅದು 1990ರಲ್ಲಿ ಸೆನ್ಸರ್, 1998ರಲ್ಲಿ ಮೂರು ಅಲಗಿನ ಮ್ಯಾಕ್ 3, 2006ರಲ್ಲಿ ಐದು ಅಲಗಿನ ಫ್ಯೂಷನ್ ಎಂದು ಮೇಲಮೇಲಕ್ಕೆ ಏರುತ್ತ ಹೋಯಿತು. ಬೆಲೆಯೂ ಏರಿತು. ಅಮೆರಿಕದ ಔಷಧಿ ಅಂಗಡಿಗಳಲ್ಲಿ ಕಾರ್ಟ್ರಿಜ್ ಕಳ್ಳರ ಅಚ್ಚುಮೆಚ್ಚಿನ ಮಾಲಾಗಿ, ಅಂಗಡಿಯವರು ಅವನ್ನು ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿ ಇಡತೊಡಗಿದರು. ಗಡ್ಡ ಹೆರೆಯುವ ಬ್ಲೇಡು ಕೊಳ್ಳಲು ಅಂಗಡಿಯ ಹುಡುಗನನ್ನು ಕೂಗಿ ಬೀಗ ತೆಗೆಸಬೇಕಾದ ಪರಿಸ್ಥಿತಿ ಅದು. ಚಂದಾ ರೇಜರಿನ ಮೊದಲ ಆಕರ್ಷಣೆ ಬೆಲೆಯಷ್ಟೇ ಅಲ್ಲ, ಈ ಪೆಟ್ಟಿಗೆಯಿಂದ ಸಿಕ್ಕ ಬಿಡುಗಡೆ ಕೂಡ.

ಡಾಲರ್ ಶೇವ್ ಕ್ಲಬ್ 2011ರಲ್ಲಿ ಹುಟ್ಟಿತು. 2012ರ ಮಾರ್ಚಿನಲ್ಲಿ ಅದರ ಸ್ಥಾಪಕರಲ್ಲೊಬ್ಬನಾದ ಮೈಕೆಲ್ ಡ್ಯೂಬಿನ್ ತಾನೇ ನಟಿಸಿದ, ಸುಮಾರು 4,500 ಡಾಲರಿನಲ್ಲಿ ತಯಾರಾದ ತಮಾಷೆಯ ವಿಡಿಯೊ ಹರಿದಾಡಿ, ಎರಡು ದಿನಗಳಲ್ಲಿ ಸುಮಾರು 12,000 ಆರ್ಡರ್ ಬಂದವು. ಕಂಪನಿಗೆ ಸ್ವಂತ ಕಾರ್ಖಾನೆ ಇರಲಿಲ್ಲ. ಬ್ಲೇಡು ದಕ್ಷಿಣ ಕೊರಿಯಾದ ಡೋರ್ಕೊದ್ದು. ಮರುವರ್ಷ ಶುರುವಾದ ಹ್ಯಾರೀಸ್ ಬೇರೆ ದಾರಿ ಹಿಡಿದು, 2014ರಲ್ಲಿ ಜರ್ಮನಿಯ ಐಸ್‌ಫೆಲ್ಡ್ ಊರಿನ ಬ್ಲೇಡು ಕಾರ್ಖಾನೆಯನ್ನೇ ಕೊಂಡುಕೊಂಡಿತು. ಇಬ್ಬರೂ ಮಧ್ಯವರ್ತಿಯನ್ನು, ಅವನ ಗಾಜಿನ ಪೆಟ್ಟಿಗೆಯನ್ನು ಬದಿಗೆ ಸರಿಸಿದರು.

ಲಾಭನಷ್ಟ ತೂಗುವುದಕ್ಕೆ ಡಾಲರ್ ಶೇವ್ ಕ್ಲಬ್ಬಿನ ಆರಂಭದ ದರಪಟ್ಟಿಯೇ ಒಳ್ಳೆಯ ಉದಾಹರಣೆ. ಹೆಸರಿನಲ್ಲಿದ್ದದ್ದು ಡಾಲರ್, ಬಿಲ್ಲಿನಲ್ಲಿದ್ದದ್ದು ಮೂರು. ಎರಡು ಅಲಗಿನ ಐದು ಕಾರ್ಟ್ರಿಜ್‌ಗೆ ತಿಂಗಳಿಗೆ ಒಂದು ಡಾಲರ್, ಸಾಗಾಟಕ್ಕೆ ಮತ್ತೆರಡು. ಒಂದು ಕಾರ್ಟ್ರಿಜ್‌ಗೆ 60 ಸೆಂಟ್ ಬಿತ್ತು. ಐದು ಅಲಗಿನ ಹೆಸರಾಂತ ಕಾರ್ಟ್ರಿಜ್ ಮುಂದಿಟ್ಟರೆ ಇದು ಬಲು ಅಗ್ಗ, ನಿಜ. ಆದರೆ ಚೀಲದಲ್ಲಿ ಸಿಗುವ ಜೋಡಿ ಬ್ಲೇಡಿನ ಯೂಸ್ ಅಂಡ್ ಥ್ರೋ ಮುಂದಿಟ್ಟರೆ ಉಳಿತಾಯ ಅಷ್ಟೇನೂ ಕಾಣದು. ಜಾಹೀರಾತು ಹೋಲಿಸಿದ್ದು ಅತಿ ದುಬಾರಿಯ ಜೊತೆಗೆ. ಅಗ್ಗದ ರೇಜರ್ ಬಳಸುತ್ತಿದ್ದವನು ಆ ಹೋಲಿಕೆಯನ್ನು ತನ್ನದೆಂದುಕೊಂಡರೆ ಲೆಕ್ಕ ತಪ್ಪುತ್ತದೆ. ನೋಡಬೇಕಾದದ್ದು ಒಂದು ರೇಜರಿಗೆಷ್ಟು ಎಂದಲ್ಲ, ಒಂದು ಶೇವಿಂಗಿಗೆಷ್ಟು ಎಂದು.

ಹಾಗೆ ನೋಡಹೊರಟರೆ ಅಲಗು ಎಷ್ಟು ದಿನ ತಾಳುತ್ತದೆ ಎಂಬುದು ಮುಖ್ಯವಾಗುತ್ತದೆ. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿರುವ ಕೂದಲು ಉಕ್ಕಿನ ಅಲಗನ್ನು ಹೇಗೆ ಮೊಂಡು ಮಾಡುತ್ತದೆ ಎಂಬ ವಿಚಿತ್ರವನ್ನು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗೆ ನೋಡಿ ಬಿಡಿಸಿದರು. ಅಂಚು ಸವೆದು ದುಂಡಗಾಗುವುದಷ್ಟೇ ಅಲ್ಲ, ಅಲ್ಲಲ್ಲಿ ಚಕ್ಕೆ ಏಳುತ್ತದೆ. ಕೂದಲು ಬಾಗಿ ಓರೆಯಾಗಿ ತಾಗಿದಾಗ, ಉಕ್ಕಿನ ಒಳರಚನೆ ಏಕರೂಪವಾಗಿಲ್ಲದ ಜಾಗದಲ್ಲಿ, ಅದೂ ಕೂದಲಿನ ಪಕ್ಕ ಬರುವ ಕಡೆ ಈ ಚಕ್ಕೆ ಕಿತ್ತುಬರುತ್ತದೆ. ಒಮ್ಮೆ ಚಕ್ಕೆ ಎದ್ದರೆ ಅಲಗಿನ ಮೊಂಡಾಗುವಿಕೆಗೆ ವೇಗ ಬರುತ್ತದೆ. ಇದರಿಂದ ಕೊಳ್ಳುವವನಿಗೆ ತಿಳಿಯುವುದಿಷ್ಟು: ಅಲಗಿನ ಆಯಸ್ಸು ಕ್ಯಾಲೆಂಡರಿನಲ್ಲಿಲ್ಲ. ಒರಟು ಗಡ್ಡ, ಒಣ ಗಡ್ಡ, ದಿನ ಬಿಟ್ಟು ಬೆಳೆದ ಗಡ್ಡ, ಒಬ್ಬೊಬ್ಬರಿಗೂ ಬೇರೆ. ಬಿಸಿನೀರಲ್ಲಿ ಚೆನ್ನಾಗಿ ನೆನೆದ ಕೂದಲು ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಅವಸರದಲ್ಲಿ ಒಣಮುಖಕ್ಕೆ ಹಚ್ಚಿದ ಅಲಗು ಬೇಗ ಕೈಕೊಡುತ್ತದೆ.

ಚಂದಾದ ಗುಟ್ಟು, ಅದರ ದೌರ್ಬಲ್ಯ ಎರಡೂ ಇಲ್ಲೇ ಇವೆ. ಅಲಗಿಗೆ ಕ್ಯಾಲೆಂಡರಿಲ್ಲ, ಚಂದಾಕ್ಕೆ ಇದೆ. ಮೊಂಡು ಅಲಗನ್ನೇ ವಾರಗಟ್ಟಲೆ ಎಳೆಯುತ್ತಿದ್ದವನಿಗೆ ಪೊಟ್ಟಣ ಬಂದು ಬಿದ್ದರೆ ಹೊಸದಕ್ಕೆ ಬದಲಿಸುವ ನೆಪ ಸಿಗುತ್ತದೆ, ಚರ್ಮಕ್ಕೂ ಹಿತ. ವಾರಕ್ಕೆರಡು ಬಾರಿ ಶೇವ್ ಮಾಡುವವನಿಗೆ, ಅಥವಾ ನಡುವೆ ಗಡ್ಡ ಬಿಟ್ಟವನಿಗೆ, ಅದೇ ಪೊಟ್ಟಣ ಡ್ರಾಯರಿನಲ್ಲಿ ಒಡೆಯದೆ ಕೂರುತ್ತದೆ. ಮಾರುವವನ ಹಿತ ಬೇಗ ಬೇಗ ಕಳಿಸುವುದರಲ್ಲಿ, ಕೊಳ್ಳುವವನ ಹಿತ ಮುಗಿದ ಮೇಲೆ ತರಿಸುವುದರಲ್ಲಿ. ಅವಧಿಯನ್ನು ಹಿಗ್ಗಿಸಿಕೊಳ್ಳಲು, ಒಂದು ತಿಂಗಳು ತಪ್ಪಿಸಲು, ಬಿಟ್ಟುಬಿಡಲು ಒಂದೆರಡು ಗುಂಡಿ ಒತ್ತಿದರೆ ಸಾಕು ಎಂಬಂತಿದ್ದರೆ ಚಂದಾ ನಿರಪಾಯಕಾರಿ. ಸೇರುವಾಗ ಒಂದು ಒತ್ತು, ಬಿಡುವಾಗ ಹತ್ತು ಪುಟ ಎಂಬ ಬಗೆಯದ್ದಾದರೆ ಹೇಳಿದ ಅಗ್ಗದ ಬೆಲೆ ಅಗ್ಗವಾಗಿ ಉಳಿಯದು. ಈ ದೂರು ರೇಜರಿಗೆ ಸೀಮಿತವಲ್ಲ. ಸೇರುವಷ್ಟೇ ಸುಲಭವಾಗಿ ಬಿಡುವಂತಿರಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ನಿಯಮ ತಂದಿತು. 2025ರ ಜುಲೈನಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಭಾರತದಲ್ಲಿ ಗ್ರಾಹಕನ ಸ್ಥಿತಿ ಈ ಒಂದು ವಿಷಯದಲ್ಲಿ ಮೇಲು. ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಜಾರಿಗೆ ತಂದ ನಿಯಮದಂತೆ ಕಾರ್ಡಿನಿಂದ ಕಂತು ಕಟ್ ಆಗುವ 24 ಗಂಟೆ ಮೊದಲು ಸಂದೇಶ ಬರಬೇಕು. ಚಂದಾದ ಬಲೆಗೆ ಬೀಳಿಸಿ ಹೊರಬರದಂತೆ ಮಾಡುವುದನ್ನು 2023ರ ಕೇಂದ್ರ ಸರಕಾರದ ಮಾರ್ಗಸೂಚಿ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ.

ಯೂಸ್ ಅಂಡ್ ಥ್ರೋ ರೇಜರನ್ನು ಸಾರಾಸಗಟಾಗಿ ಹೀಗಳೆಯುವುದೂ ಸರಿಯಲ್ಲ. ಅದಕ್ಕೆ ಕೊರತೆಗಳಿವೆ, ನಿಜ: ಅಗ್ಗದ ಮಾದರಿಯ ತಲೆ ಅಲ್ಲಾಡುವುದಿಲ್ಲ, ಹಿಡಿ ಹಗುರ. ಗಲ್ಲದ ತಿರುವಿನಲ್ಲಿ ಕೋನ ತಪ್ಪಿ, ಬಳಸುವವನು ಒತ್ತಿ ಎಳೆಯುತ್ತಾನೆ, ಗೀರು ಬೀಳುತ್ತದೆ. ಆದರೆ ಪ್ರಯಾಣಕ್ಕೆ, ಆಸ್ಪತ್ರೆಗೆ, ಅತಿಥಿಗೆ ಅದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಹೆಚ್ಚು ಅಲಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಎಲ್ಲರಿಗೆ ಹೊಂದುವುದಿಲ್ಲ. ಹಲವು ಅಲಗಿನ ತಲೆಯಲ್ಲಿ ಮೊದಲನೆಯದು ಕೂದಲನ್ನು ಮೇಲಕ್ಕೆಳೆದರೆ ಹಿಂದಿನದು ಇನ್ನೂ ಬುಡದಲ್ಲಿ ಕತ್ತರಿಸುತ್ತದೆ. ಗುಂಗುರು ಗಡ್ಡದವರಲ್ಲಿ ಹಾಗೆ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದ ಕೂದಲು ಒಳಮುಖವಾಗಿ ಬೆಳೆದು ಗುಳ್ಳೆಯೇಳುತ್ತದೆ. ಕಪ್ಪುವರ್ಣೀಯರನ್ನು ಹೆಚ್ಚಾಗಿ ಕಾಡುವ ಈ ತೊಂದರೆಗೆಂದೇ ಅಮೆರಿಕದ ಉದ್ಯಮಿ ಟ್ರಿಸ್ಟನ್ ವಾಕರ್ 2013ರಲ್ಲಿ ಬೆವೆಲ್ ಎಂಬ ಒಂಟಿ ಅಲಗಿನ ರೇಜರನ್ನು ಚಂದಾದಲ್ಲಿ ಮಾರಲಾರಂಭಿಸಿದ. ಚಂದಾ ವ್ಯಾಪಾರಗಳ ಪೈಕಿ ಹೊಸ ಬಗೆಯ ಪಾವತಿಯ ಬದಲು ಒಂದು ನಿಜವಾದ ಅಗತ್ಯದಿಂದ ಹೊರಟದ್ದು ಬಹುಶಃ ಅದೊಂದೇ.

ಚಂದಾದಿಂದ ಹೆಚ್ಚು ಲಾಭ ಪಡೆದವರು ಚಂದಾ ಕಟ್ಟದವರು ಎಂದರೂ ತಪ್ಪಿಲ್ಲ. ಗಿರಾಕಿಗಳು ಜಾರುವುದನ್ನು ಕಂಡ ಜಿಲೆಟ್ ತಾನೂ ಚಂದಾ ಶುರುಮಾಡಿ, 2017ರಲ್ಲಿ ಅಮೆರಿಕದಲ್ಲಿ ಕೆಲವು ಮಾದರಿಗಳ ಬೆಲೆಯನ್ನು ಶೇ. 20ರವರೆಗೆ ಇಳಿಸಿತು. ಅದೇ ಹೊತ್ತಿಗೆ ಚಂದಾ ಕಂಪನಿಗಳು ಹಳೆಯ ದಾರಿಗೇ ಬಂದವು. ಹ್ಯಾರೀಸ್ 2016ರಲ್ಲಿ ಟಾರ್ಗೆಟ್ ಮಳಿಗೆಗಳ ಕಪಾಟಿಗೇರಿತು, ನಂತರ ಡಾಲರ್ ಶೇವ್ ಕ್ಲಬ್ಬೂ ಅಂಗಡಿಗಿಳಿಯಿತು. ಯೂನಿಲಿವರ್ ಸುಮಾರು ನೂರು ಕೋಟಿ ಡಾಲರಿಗೆ 2016ರಲ್ಲಿ ಕೊಂಡ ಆ ಕ್ಲಬ್ಬಿನ ಬಹುಪಾಲನ್ನು 2023ರಲ್ಲಿ ಮಾರಿಬಿಟ್ಟಿತು. ಬ್ಲೇಡು ಎಲ್ಲ ಕಡೆ ಸಾಕಷ್ಟು ಅಗ್ಗವಾಗಿ, ಕೈಗೆಟಕುವಂತಿದ್ದರೆ ಚಂದಾ ಕಟ್ಟುವುದಕ್ಕೆ ಕಾರಣವೇ ಉಳಿಯುವುದಿಲ್ಲ.

ಭಾರತದಲ್ಲಿ ಈ ಏರ್ಪಾಡು ಬೇರೂರದಿರುವುದೂ ಅದಕ್ಕೇ. ಲೆಟ್ಸ್‌ಶೇವ್, ಬಾಂಬೆ ಶೇವಿಂಗ್ ಕಂಪನಿಗಳು 2015–16ರಲ್ಲಿ ಆನ್‌ಲೈನಿನಲ್ಲಿ ಬಾಗಿಲು ತೆರೆದವು, ನಗರದ ಗಿರಾಕಿಗಳನ್ನು ಗಳಿಸಿದವು. ಆದರೆ ಇಲ್ಲಿ ಪೈಪೋಟಿ ಗಾಜಿನ ಪೆಟ್ಟಿಗೆಯ ಕಾರ್ಟ್ರಿಜ್ ಜೊತೆಗಲ್ಲ, ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಬ್ಲೇಡಿನ ಜೊತೆಗೆ. ಜಿಲೆಟ್ ಕೂಡ ಅದಕ್ಕೆ ತಲೆಬಾಗಬೇಕಾಯಿತು. ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಕೈಯಲ್ಲಿ ಪರೀಕ್ಷಿಸಿ ತಂದ ಒಂದು ರೇಜರ್ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಆ ವಿದ್ಯಾರ್ಥಿಗಳಿಗೆ ನಲ್ಲಿನೀರು ಹರಿಯುತ್ತಿತ್ತು. ಇಲ್ಲಿನ ಮನೆಗಳಲ್ಲಿ ನೆಲದ ಮೇಲೆ ಕೂತು ಬಟ್ಟಲ ನೀರಲ್ಲಿ ಶೇವ್ ಮಾಡುವವನ ಅಲಗುಗಳ ಸಂದಿಯಲ್ಲಿ ನಾಲ್ಕು ದಿನದ ಗಡ್ಡ ಸಿಕ್ಕಿ ಬಿಡುತ್ತಿರಲಿಲ್ಲ. ಅದನ್ನು ಮನೆಮನೆಗೆ ಹೋಗಿ ನೋಡಿದ ಮೇಲೆ 2010ರಲ್ಲಿ ಬಂದದ್ದು ಒಂಟಿ ಅಲಗಿನ, ಸುಲಭವಾಗಿ ತೊಳೆದುಹೋಗುವ ಗಾರ್ಡ್: ಆಗ ರೇಜರಿಗೆ 15 ರೂಪಾಯಿ, ಕಾರ್ಟ್ರಿಜ್‌ಗೆ 5. ಅದಕ್ಕೂ ಅಗ್ಗದ್ದು ಎರಡು ಬದಿಯ ಹಳೆಯ ಬ್ಲೇಡು. ಕ್ಷೌರದಂಗಡಿಯಲ್ಲಿ ಅದನ್ನು ಪೊಟ್ಟಣದ ಕಾಗದದೊಳಗೇ ಮಡಚಿ ಎರಡು ತುಂಡಾಗಿ ಮುರಿದು, ಒಂದರ್ಧವನ್ನು ಮಡಿಸುವ ಕತ್ತಿಯ ಹಿಡಿಗೆ ಸಿಕ್ಕಿಸುತ್ತಾರೆ, ಇನ್ನರ್ಧ ಮುಂದಿನ ಗಿರಾಕಿಗೆ. ಅಂಥ ಬ್ಲೇಡನ್ನು ಮನೆಗೆ ತಲುಪಿಸುವ ಕೊರಿಯರ್ ಖರ್ಚೇ ಅದರ ಬೆಲೆಯ ಹಲವು ಪಟ್ಟಾಗುತ್ತದೆ.