ಹೊಸ ವೈದ್ಯರ ಮುಂದೆ

ಇಪ್ಪತ್ತು ವರ್ಷಗಳಿಂದ ನಮ್ಮ ಶರೀರಪ್ರಕೃತಿಯನ್ನು ಬಲ್ಲ ವೈದ್ಯರು ಚಿಕಿತ್ಸಾಲಯ ಮುಚ್ಚಿ ಮಗನ ಊರಿಗೆ ತೆರಳಿದ್ದರಿಂದ, ಕಳೆದ ವಾರ ನಾವು ಹೊಸ ವೈದ್ಯೆಯೊಬ್ಬರ ಬಳಿಗೆ ಹೋಗಬೇಕಾಯಿತು. ಅವರು ನಮ್ಮ ಶಿಷ್ಯರ ಮಕ್ಕಳ ವಯಸ್ಸಿನವರು.

ಸ್ಟೆಥೊಸ್ಕೋಪನ್ನು ಮುಟ್ಟುವ ಮೊದಲೇ ಪ್ರಶ್ನೆಗಳು ಆರಂಭವಾದವು. ತಂದೆತಾಯಿಗಳಿಗೆ ಯಾವ ರೋಗವಿತ್ತು, ಶಸ್ತ್ರಚಿಕಿತ್ಸೆ ಆಗಿದೆಯೇ, ಯಾವುದಾದರೂ ಔಷಧದಿಂದ ಮೈಯಲ್ಲಿ ದದ್ದು ಎದ್ದುದುಂಟೇ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುವಿರಿ, ತಂಬಾಕು ಉಂಟೇ, ಮದ್ಯ ಉಂಟೇ? ನಮ್ಮ ಹಣೆಯ ವಿಭೂತಿ ಇವರಿಗೆ ಕಾಣದೇ ಎಂದು ಮನಸ್ಸು ಕೊಂಚ ಮುನಿಯಿತು. ವೇಷ ನೋಡಿ ಊಹಿಸುವವರಿಗಿಂತ ಎಲ್ಲರನ್ನೂ ಸಮನಾಗಿ ಕೇಳುವವರೇ ಮೇಲೆಂಬುದು ಆಮೇಲೆ ಹೊಳೆಯಿತು.

"ಬೇರೆ ಔಷಧ ಏನಾದರೂ ತೆಗೆದುಕೊಳ್ಳುತ್ತೀರಾ ಅಜ್ಜಾರೇ?" ಎಂದಾಗ "ಇಲ್ಲ" ಎಂದೆವು. ರಕ್ತದೊತ್ತಡದ ಮಾತ್ರೆಯ ಹೊರತು ಬೇರಾವುದನ್ನೂ ನಾವು ಔಷಧವೆಂದೇ ಎಣಿಸಿರಲಿಲ್ಲ. ಜೊತೆಗಿದ್ದ ಶಿಷ್ಯನು ಮಾತನಾಡದೆ ಚೀಲ ಬಿಚ್ಚಿ, ಮೊಣಕಾಲು ನೋವಿಗೆಂದು ನಾವೇ ಅಂಗಡಿಯಿಂದ ತರಿಸುತ್ತಿದ್ದ ಡೈಕ್ಲೋಫೆನಾಕ್ ಮಾತ್ರೆಗಳನ್ನೂ ಜಾತ್ರೆಯಲ್ಲಿ ಕೊಂಡಿದ್ದ ಔಷಧಭಸ್ಮದ ಪೊಟ್ಟಣವನ್ನೂ ಮೇಜಿನ ಮೇಲಿಟ್ಟನು. ವೈದ್ಯೆಯ ಮುಖ ಗಂಭೀರವಾಯಿತು. ಅಂತಹ ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ ರಕ್ತದೊತ್ತಡ ಏರಬಹುದು, ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಹೆಸರುಚೀಟಿಯಿಲ್ಲದ ಭಸ್ಮಗಳಲ್ಲಿ ಸೀಸ, ಪಾದರಸಗಳಿರುವುದುಂಟು ಎಂದರು. ಆರು ತಿಂಗಳಲ್ಲಿ ನಮ್ಮ ಒತ್ತಡದ ಮಾತ್ರೆಯ ಪ್ರಮಾಣ ಎರಡು ಬಾರಿ ಹೆಚ್ಚಿತ್ತು! ಹಳೆಯ ವೈದ್ಯರು ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಆದುದರಿಂದ ಹೊಸ ವೈದ್ಯರಲ್ಲಿಗೆ ಹೋಗುವವರು ಹಳೆಯ ಚೀಟಿ, ವರದಿಗಳೊಡನೆ ಮನೆಯಲ್ಲಿ ಸೇವಿಸುವ ಕಷಾಯಪುಡಿ, ಲೇಹ್ಯಗಳನ್ನೂ ಒಂದೇ ಚೀಲದಲ್ಲಿ ಒಯ್ಯಬೇಕು. ರಕ್ತದೊತ್ತಡ ನೋಡಿಸುವ ಮುನ್ನ ಅರ್ಧ ಗಂಟೆ ಚಹಾ ಬೇಡ. ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ 8 ಗಂಟೆ ಆಹಾರ ಬಿಡಬೇಕು, ನೀರು ಕುಡಿಯಬಹುದು. ಸೊಸೆಯನ್ನು ಕರೆದೊಯ್ಯುವ ಅತ್ತೆಯಂದಿರಲ್ಲಿ ಒಂದು ವಿನಂತಿ: ಉತ್ತರವನ್ನು ಅವಳ ಬಾಯಿಗೇ ಬಿಡಿರಿ, ಕೆಲಹೊತ್ತು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಅತ್ತೆಯೆದುರು ಆಡಲಾಗದ ಮಾತುಗಳು ಅವಳಿಗೆ ಇರುತ್ತವೆ.

ಕ್ರಿಯಾಟಿನಿನ್ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇವೆ. ಇದನ್ನು ಬರೆಯುವ ಹೊತ್ತಿಗೆ ವರದಿ ಕೈಸೇರಿಲ್ಲ. ವೈದ್ಯೆಯ ಮಾತಿನಂತೆ ನೋವಿನ ಮಾತ್ರೆ ನಿಂತಿದೆ. ಪೂಜೆಗೆ ಕುಳಿತಾಗ ಮೊಣಕಾಲು ಗೊಣಗುತ್ತಿದೆ.