ಆರು ಜನ, ಎರಡು ಹಗ್ಗ

2009ರ ಡಿಸೆಂಬರ್ 24, ಕ್ರಿಸ್‌ಮಸ್ ಮುನ್ನಾದಿನ. ಟೊರಾಂಟೊದ ಕಿಪ್ಲಿಂಗ್ ಅವೆನ್ಯೂವಿನ ಬಹುಮಹಡಿ ವಸತಿ ಕಟ್ಟಡವೊಂದರಲ್ಲಿ ಬಾಲ್ಕನಿಗಳ ದುರಸ್ತಿಗೆಂದು ಇಳಿಬಿಟ್ಟಿದ್ದ ತೂಗು ಅಟ್ಟಣಿಗೆ ಹದಿಮೂರನೆಯ ಮಹಡಿಯ ಬಳಿ ಮುರಿದು ಇಬ್ಭಾಗವಾಯಿತು. ನಾಲ್ವರು ಸತ್ತರು, ಬಿದ್ದ ಐದನೆಯವನು ತೀವ್ರವಾಗಿ ಗಾಯಗೊಂಡು ಬದುಕಿದ. ಅದರ ಮೇಲಿದ್ದ ಕಾರ್ಮಿಕರು ಆರು ಮಂದಿ. ಸುರಕ್ಷತಾ ಹಗ್ಗಗಳು ಎರಡೇ. ಹಗ್ಗಕ್ಕೆ ಸರಿಯಾಗಿ ಬಿಗಿದುಕೊಂಡಿದ್ದ ಒಬ್ಬನೇ ಬೀಳದೆ ಉಳಿದ.

ಇದನ್ನು ‘ಅಪಘಾತ’ ಎನ್ನುವುದು ಹೊಣೆಗಾರರಿಗೆ ಭಾಷೆಯೇ ನೀಡುವ ಖುಲಾಸೆ. ಆರು ಜನರಿಗೆ ಎರಡು ಹಗ್ಗ ಸಾಕೆಂದದ್ದು ವಿಧಿಯಲ್ಲ, ಮನುಷ್ಯರು. ಇಂಥ ಸಾವುಗಳ ಬೆನ್ನಿಗೇ ‘ಕಾರ್ಮಿಕರ ಅಜಾಗರೂಕತೆ’ಯ ಮಾತು ಬರುತ್ತದೆ. ಇಲ್ಲದ ಹಗ್ಗವನ್ನು ಯಾರು ಕಟ್ಟಿಕೊಳ್ಳಬೇಕಿತ್ತು? ಅಪಾಯಕಾರಿ ಕೆಲಸವನ್ನು ನಿರಾಕರಿಸುವ ಹಕ್ಕನ್ನು ಒಂಟಾರಿಯೊ ಕಾನೂನು ಕೊಟ್ಟಿದೆ, ನಿಜ. ಆದರೆ ಪರದೇಶದಿಂದ ಬಂದು ಇನ್ನೂ ನೆಲೆಯೂರದ ಕಾರ್ಮಿಕನಿಗೆ ‘ಒಲ್ಲೆ’ ಎನ್ನುವುದೆಂದರೆ ನಾಳೆಯ ಕೂಲಿಯನ್ನು ಕಳೆದುಕೊಳ್ಳುವುದು.

1992ರಲ್ಲಿ ನೋವಾ ಸ್ಕೋಶಿಯಾದ ವೆಸ್ಟ್‌ರೇ ಗಣಿಯಲ್ಲಿ 26 ಮಂದಿ ಸತ್ತ ಮೇಲೆ, ಕೆಲಸದ ಜಾಗದಲ್ಲಿನ ನಿರ್ಲಕ್ಷ್ಯಕ್ಕೆ ಸಂಸ್ಥೆಗಳನ್ನೂ ಕ್ರಿಮಿನಲ್ ಹೊಣೆಗೆ ಗುರಿಪಡಿಸುವ ಕಾನೂನು 2004ರಲ್ಲಿ ಕೆನಡಾದಲ್ಲಿ ಜಾರಿಗೆ ಬಂತು. ಆದರೂ ಟೊರಾಂಟೊ ಪ್ರಕರಣದಲ್ಲಿ ಗುತ್ತಿಗೆ ಕಂಪನಿಗೆ ಮೊದಲು ಬಿದ್ದ ದಂಡ 2,00,000 ಡಾಲರ್. ತಲೆಗೆ 50,000. ಇದು ಶಿಕ್ಷೆಯಲ್ಲ, ದರಪಟ್ಟಿ. ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಅದನ್ನು 7,50,000ಕ್ಕೆ ಏರಿಸಿತು. 2016ರಲ್ಲಿ ಯೋಜನಾ ವ್ಯವಸ್ಥಾಪಕನಿಗೆ ಮೂರೂವರೆ ವರ್ಷ ಸೆರೆವಾಸ ವಿಧಿಸಲಾಯಿತು. ದಂಡವನ್ನು ಯಾವ ಕಂಪನಿಯೂ ಖರ್ಚಿನ ಬಾಬ್ತಿಗೆ ಸೇರಿಸಿಬಿಡಬಲ್ಲದು, ಸೆರೆವಾಸವನ್ನು ಸೇರಿಸಲಾಗದು. ಹಗ್ಗಗಳನ್ನು ಎಣಿಸುವ ಅಭ್ಯಾಸ ಮೂಡುವುದು ಅಲ್ಲಿಂದ.

ಈ ಪಾಠ ಕೆನಡಾಕ್ಕಷ್ಟೇ ಸೀಮಿತವಲ್ಲ. ಬೆಂಗಳೂರಿನ ಗೋಪುರಗಳಲ್ಲಿ ಫ್ಲ್ಯಾಟ್ ಕೊಳ್ಳುವವರಲ್ಲಿ ಅನಿವಾಸಿ ಕನ್ನಡಿಗರೂ ಇದ್ದಾರೆ. ಅವನ್ನು ಕಟ್ಟುವವರಲ್ಲಿ ಯಾದಗಿರಿ, ರಾಯಚೂರುಗಳಿಂದ ಗುಳೆ ಬಂದವರಿದ್ದಾರೆ. ಕರ್ನಾಟಕದಲ್ಲಿ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಕಾರ್ಮಿಕ ಕಲ್ಯಾಣ ಮಂಡಳಿಗೆ ಸಲ್ಲುತ್ತದೆ. ಅದರಿಂದ ಪರಿಹಾರವೂ ಸಿಗುತ್ತದೆ. ಅದು ಬೇಕೇಬೇಕು. ಆದರೆ ಪರಿಹಾರ ಬರುವುದು ಬಿದ್ದ ಮೇಲೆ. ಹಗ್ಗ ಇರಬೇಕಾದದ್ದು ಬೀಳುವ ಮುನ್ನ.

ವಾಸ್ತು, ಟೈಲ್ಸ್, ಕಾರಿನ ಜಾಗ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಅನಿವಾಸಿ ಗ್ರಾಹಕ ಮುಂಗಡ ಹಣ ಕಳಿಸುವ ಮುನ್ನ ಇನ್ನೊಂದು ಪ್ರಶ್ನೆಯನ್ನೂ ಬಿಲ್ಡರನಿಗೆ ಬರಹದಲ್ಲಿ ಕೇಳಲಿ: ಅಟ್ಟಣಿಗೆಯ ಮೇಲೆ ಎಷ್ಟು ಜನ, ಹಗ್ಗಗಳೆಷ್ಟು, ಒಂದು ಕಡಿಮೆಯಾದರೆ ಉತ್ತರ ಹೇಳುವವರು ಯಾರು?