ವೀರೂ ಉಳಿಸಿಕೊಟ್ಟ ಹೊತ್ತು

2015ರ ಅಕ್ಟೋಬರ್ 20ರಂದು, ತಮ್ಮ 37ನೇ ಹುಟ್ಟುಹಬ್ಬದ ದಿನ, ವೀರೇಂದ್ರ ಸೆಹ್ವಾಗ್ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು. ಅದೇ ವಾರ ಮೈಸೂರಿನಲ್ಲಿ ಹರಿಯಾಣದ ಪರ ರಣಜಿ ಪಂದ್ಯಕ್ಕಿಳಿದು, ಕರ್ನಾಟಕದ ಬೌಲರ್‌ಗಳ ಎದುರು 136 ರನ್ ಬಾರಿಸಿದರು. ಭಾರತದ ಪರ ಕೊನೆಯ ಟೆಸ್ಟ್ ಆಡಿ ಎರಡೂವರೆ ವರ್ಷ ದಾಟಿತ್ತು. ವಿದಾಯದ ಟೆಸ್ಟ್ ಅಂತೂ ಸಿಗಲಿಲ್ಲ.

ಸೆಹ್ವಾಗ್ ಎಂದರೆ ಇಂದಿಗೂ ಸಿಕ್ಸರ್, ಬೌಂಡರಿ, ತಮಾಷೆಯ ಮಾತು. ನಜಾಫ್‌ಗಢದ ನವಾಬ ಎಂಬ ಬಿರುದಿನಲ್ಲೂ ಮೆಚ್ಚುಗೆಯ ಜೊತೆಗೆ ಸಣ್ಣ ತಾತ್ಸಾರ ಸೇರಿಕೊಂಡಿದೆ: ರಂಜಿಸುವ ಆಟಗಾರ ಹೌದು, ನೆಚ್ಚಿಕೊಳ್ಳುವ ಆಟಗಾರನಲ್ಲ. ಈ ತೀರ್ಪು ಅಂದೂ ತಪ್ಪಾಗಿತ್ತು, ಇಂದೂ ತಪ್ಪು.

104 ಟೆಸ್ಟ್‌ಗಳಲ್ಲಿ 8,586 ರನ್, 49.34ರ ಸರಾಸರಿ, 23 ಶತಕ. ಇಷ್ಟನ್ನು ಬೇರೆಯವರೂ ಗಳಿಸಿದ್ದಾರೆ. ಆದರೆ ಹೊಸ ಚೆಂಡಿನ ಎದುರು ನಿಂತು ನೂರು ಎಸೆತಕ್ಕೆ 82 ರನ್‌ಗಳಂತೆ ಗಳಿಸಿದ ಆರಂಭಿಕ ಆಟಗಾರ ಭಾರತಕ್ಕೆ ಅದುವರೆಗೆ ಸಿಕ್ಕಿರಲಿಲ್ಲ. ಟೆಸ್ಟ್ ಗೆಲ್ಲಲು ಎದುರಾಳಿಯ 20 ವಿಕೆಟ್ ಬೇಕು, ಅದಕ್ಕೆ ಹೊತ್ತು ಬೇಕು. ಬೌಲರ್‌ಗಳಿಗೆ ಆ ಹೊತ್ತನ್ನು ಮಿಗಿಸಿಕೊಡುತ್ತಿದ್ದವರು ಸೆಹ್ವಾಗ್.

2009ರ ಡಿಸೆಂಬರ್‌ನಲ್ಲಿ ಮುಂಬೈನ ಬ್ರೆಬೋರ್ನ್ ಕ್ರೀಡಾಂಗಣದಲ್ಲಿ ಶ್ರೀಲಂಕಾ ಮೊದಲು ಆಡಿ 393 ರನ್ ಗಳಿಸಿತು. ಎರಡನೇ ದಿನದಾಟ ಮುಗಿದಾಗ ಭಾರತ ಒಂದೇ ವಿಕೆಟ್‌ಗೆ 443. ಅದರಲ್ಲಿ ಸೆಹ್ವಾಗ್ ಪಾಲು ಅಜೇಯ 284. ಮರುದಿನ 293ಕ್ಕೆ ಔಟಾಗಿ ಮೂರನೇ ತ್ರಿಶತಕ ಕೈತಪ್ಪಿತು. ಪಂದ್ಯ ಮಾತ್ರ ಇನಿಂಗ್ಸ್ ಅಂತರದಲ್ಲಿ ಭಾರತದ ಪಾಲಾಯಿತು. 2008ರಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ 387 ರನ್‌ಗಳ ಗುರಿ ಕೊಟ್ಟಾಗಲೂ ಹೀಗೇ. ಗೆಲುವಿನ ಗೆರೆ ದಾಟುವಾಗ ಸಚಿನ್ ತೆಂಡೂಲ್ಕರ್ ಶತಕ ಪೂರೈಸಿದರು. ಆದರೆ ಪಂದ್ಯಶ್ರೇಷ್ಠ ಗೌರವ ಹೋದದ್ದು ನಾಲ್ಕನೇ ದಿನ ಸಂಜೆ 68 ಎಸೆತಗಳಲ್ಲಿ 83 ಹೊಡೆದು, ಅಸಾಧ್ಯವೆನಿಸಿದ್ದನ್ನು ಸಾಧ್ಯವೆನಿಸಿದ ಸೆಹ್ವಾಗ್‌ಗೆ.

ಸಪಾಟು ಪಿಚ್‌ಗಳ ಶೂರ ಎನ್ನುವವರು 2008ರ ಗಾಲ್ ಟೆಸ್ಟ್ ನೋಡಬೇಕು. ಅಜಂತಾ ಮೆಂಡಿಸ್ ತನ್ನ ಚೊಚ್ಚಲ ಸರಣಿಯಲ್ಲೇ 26 ವಿಕೆಟ್ ಕಿತ್ತು ಘಟಾನುಘಟಿಗಳನ್ನು ಕಂಗೆಡಿಸಿದ್ದ ಕಾಲ. ಇನ್ನೊಂದು ತುದಿಯಲ್ಲಿ ಮುರಳೀಧರನ್. ಭಾರತ 329ಕ್ಕೆ ಆಲೌಟಾದಾಗ ಆರಂಭಿಕನಾಗಿ ಬಂದ ಸೆಹ್ವಾಗ್ 201 ಗಳಿಸಿ ಔಟಾಗದೆ ಉಳಿದಿದ್ದರು. ಆ ಸರಣಿಯಲ್ಲಿ ಭಾರತ ಗೆದ್ದದ್ದು ಅದೊಂದೇ ಪಂದ್ಯ.

ಔಟಾದ ರೀತಿಗೆ ಅವರು ತಿಂದಷ್ಟು ಬೈಗುಳವನ್ನು ಬಹುಶಃ ಯಾರೂ ತಿಂದಿಲ್ಲ. 2003ರಲ್ಲಿ ಮೆಲ್ಬರ್ನ್‌ನಲ್ಲಿ 195ರಲ್ಲಿದ್ದಾಗ ಸಿಕ್ಸರ್‌ಗೆ ಯತ್ನಿಸಿ ಕ್ಯಾಚಿತ್ತರು. ಮೂರು ತಿಂಗಳ ಬಳಿಕ ಮುಲ್ತಾನ್‌ನಲ್ಲಿ 295ರಲ್ಲಿದ್ದಾಗ ಸಕ್ಲೇನ್ ಮುಷ್ತಾಕ್ ಎಸೆತವನ್ನು ಸಿಕ್ಸರ್‌ಗೆ ಎತ್ತಿ, ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿದ ಮೊದಲ ಭಾರತೀಯರಾದರು. ಅದೇ ಮನಸ್ಸು, ಅದೇ ಹೊಡೆತ. ಒಂದು ಕಡೆ ಅದು ಅವಿವೇಕ, ಇನ್ನೊಂದು ಕಡೆ ಇತಿಹಾಸ.

ಅವರ ಬೆಲೆ ಅರಿತವರಲ್ಲಿ ಕನ್ನಡಿಗರಿಬ್ಬರಿದ್ದರು. 2006ರಲ್ಲಿ ಲಾಹೋರ್‌ನಲ್ಲಿ ರಾಹುಲ್ ದ್ರಾವಿಡ್ ಮತ್ತು ಸೆಹ್ವಾಗ್ ಮೊದಲ ವಿಕೆಟ್‌ಗೆ 410 ರನ್ ಸೇರಿಸಿದಾಗ ದ್ರಾವಿಡ್ ಪಾಲು 128. ಮಿಕ್ಕ ಕೆಲಸವನ್ನು 254 ಹೊಡೆದ ಜೊತೆಗಾರನಿಗೆ ಬಿಟ್ಟಿದ್ದರು. ಸುಮಾರು ಒಂದು ವರ್ಷ ಟೆಸ್ಟ್ ತಂಡದಿಂದ ಹೊರಗಿದ್ದ ಸೆಹ್ವಾಗ್, 2008ರ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ಮರಳಿ ಆಡಿದ್ದು ಅನಿಲ್ ಕುಂಬ್ಳೆ ನಾಯಕತ್ವದಲ್ಲಿ. ಅಡಿಲೇಡ್‌ನ ಎರಡನೇ ಇನಿಂಗ್ಸ್‌ನಲ್ಲಿ ಕೈ ಬಿಗಿಹಿಡಿದು 151 ಗಳಿಸಿ ಪಂದ್ಯ ಡ್ರಾ ಮಾಡಿಸಿದರು. ತಡೆದು ಆಡುವುದೂ ಅವರಿಗೆ ಗೊತ್ತಿತ್ತು.

ಏಷ್ಯಾದಾಚೆ ಅವರ ಕೊನೆಯ ಟೆಸ್ಟ್ ಶತಕವೂ ಅದೇ ಆಯಿತು. ಪಾದ ಹೆಚ್ಚು ಕದಲಿಸದೆ ಕಣ್ಣು, ಕೈಗಳನ್ನೇ ನಂಬಿದ ಆಟಕ್ಕೆ ವಯಸ್ಸು ಬೇಗ ಲೆಕ್ಕ ಕೇಳುತ್ತದೆ. 2011ರಲ್ಲಿ ಭುಜದ ನೋವಿನಿಂದ ಚೇತರಿಸಿಕೊಂಡು ಎಜ್‌ಬಾಸ್ಟನ್‌ಗೆ ಬಂದವರು ಎರಡೂ ಇನಿಂಗ್ಸ್‌ಗಳಲ್ಲಿ ಮೊದಲ ಎಸೆತಕ್ಕೇ ಔಟಾದರು. 2013ರ ವೇಳೆಗೆ ಕನ್ನಡಕ ಬಂತು, ರನ್ ಬರಲಿಲ್ಲ. ಆ ಮಾರ್ಚ್‌ನಲ್ಲಿ ಹೈದರಾಬಾದ್ ಟೆಸ್ಟ್ ಬಳಿಕ ಅವರನ್ನು ಕೈಬಿಟ್ಟದ್ದು ತಪ್ಪೇನಲ್ಲ. ಮೊಹಾಲಿಯಲ್ಲಿ ಆ ಜಾಗಕ್ಕೆ ಬಂದ ದೆಹಲಿಯವರೇ ಆದ ಶಿಖರ್ ಧವನ್ ಚೊಚ್ಚಲ ಟೆಸ್ಟ್‌ನಲ್ಲೇ 85 ಎಸೆತಗಳಲ್ಲಿ ಶತಕ ಬಾರಿಸಿದರು. ಸೆಹ್ವಾಗ್ ತೆರೆದ ದಾರಿಯಲ್ಲೇ ಅವರ ಉತ್ತರಾಧಿಕಾರಿ ಓಡಿ ಬಂದಿದ್ದ.

2024ರಲ್ಲಿ ಕಾನ್ಪುರದಲ್ಲಿ ಬಾಂಗ್ಲಾದೇಶದ ವಿರುದ್ಧದ ಟೆಸ್ಟ್‌ನ ಎರಡು ದಿನಗಳಾಟ ಪೂರ್ತಿ ಕೊಚ್ಚಿಹೋದ ಮೇಲೂ, ಭಾರತ 34.4 ಓವರ್‌ಗಳಲ್ಲಿ 285 ರನ್ ಚಚ್ಚಿ ಡಿಕ್ಲೇರ್ ಮಾಡಿ ಗೆದ್ದಿತು. ಕಳೆದ ಹೊತ್ತನ್ನು ರನ್ ವೇಗದಿಂದ ಮರಳಿ ಗಳಿಸುವ ಈ ತಂತ್ರವನ್ನು ತಂಡದ ದಿಟ್ಟತನವೆಂದು ಕೊಂಡಾಡಲಾಯಿತು. ಬ್ರೆಬೋರ್ನ್‌ನಲ್ಲಿ ಸೆಹ್ವಾಗ್ ಒಬ್ಬರೇ ಅದನ್ನು ಮಾಡಿದಾಗ ಅದಕ್ಕೆ ಸಿಕ್ಕ ಹೆಸರು ಮನರಂಜನೆ.